ಅತ್ತೆಮನೆಯ ವೈ-ಫೈ

ಸೋಮಲಿಂಗನ ಹೊಟ್ಟೆಗೆ ಬೆಂಕಿ ಬಿದ್ದದ್ದು ಒಂದು ಸೀರೆಯ ದಡಿಯಿಂದ. ಆ ದಡಿಯ ಚಿತ್ರ ಇದ್ದದ್ದು ಅವನ ಸಡ್ಡಕ ಹುಚ್ಚೇಶನ ಕಂಪ್ಯೂಟರಿನಲ್ಲಿ. ಇರಬೇಕಾದದ್ದು ಮಾತ್ರ ತನ್ನದರಲ್ಲಿ ಎಂಬ ಬಗ್ಗೆ ಸೋಮಲಿಂಗನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಇಬ್ಬರೂ ಇಳಕಲ್ಲಿನ ಬಾಳವ್ವನ ಅಳಿಯಂದಿರು. ಹಿರಿಯ ಮಗಳು ಕಸ್ತೂರಿಯನ್ನು ಸೋಮಲಿಂಗ ಮಾಡಿಕೊಂಡಿದ್ದ, ಕಿರಿಯಳಾದ ಸುಮಾಳನ್ನು ಹುಚ್ಚೇಶ. ಇಬ್ಬರ ಕಸುಬೂ ಒಂದೇ: ಸೀರೆಯ ಅಂಚಿನ ದಡಿ, ಸೆರಗುಗಳ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಬರೆದು ಮಗ್ಗದವರಿಗೆ ಕೊಡುವುದು. ಒಂದೇ ಮನೆಯ ಅಳಿಯಂದಿರು ಒಂದೇ ಕಸುಬು ಹಿಡಿದರೆ ಏನಾಗಬೇಕೋ ಅದೇ ಆಗಿತ್ತು.

ದಡಿ ಹುಟ್ಟಿದ್ದು ಬಾದಾಮಿಯಲ್ಲಿ. ಒಂದು ರವಿವಾರ ಎರಡೂ ಸಂಸಾರಗಳು ಗಾಡಿ ಮಾಡಿಕೊಂಡು ಅಲ್ಲಿಗೆ ಹೋಗಿ ಹೊಂಡದ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದ್ದವು. ಕೆಂಪು ಕಲ್ಲಿನ ಮೆಟ್ಟಿಲುಗಳು ಏರುತ್ತ, ತಿರುಗುತ್ತ, ಮತ್ತೆ ಇಳಿಯುತ್ತ ನೀರಿಗೆ ಹೋಗುತ್ತಿದ್ದವು. ನೀರಿನೊಳಗೆ ಅವೇ ಮೆಟ್ಟಿಲುಗಳು ತಲೆಕೆಳಗಾಗಿ ಕಾಣುತ್ತಿದ್ದವು. ‘ಸೀರಿ ದಡಿ ಇದ್ದಂಗ ಐತಲ್ಲ ಇದು’ ಎಂದು ಯಾರೋ ಅಂದರು. ಅಂದವನು ತಾನೇ ಎಂದು ಸೋಮಲಿಂಗ ಯಾವ ದೇವರ ಮೇಲಾದರೂ ಆಣೆ ಮಾಡಲು ತಯಾರಿದ್ದ. ಖರೆ ಹೇಳಬೇಕೆಂದರೆ ಅಂದವಳು ಕಸ್ತೂರಿ. ಆ ಹೊತ್ತಿಗೆ ಸೋಮಲಿಂಗ ತನ್ನ ಕೈಯ ಶೇಂಗಾ ಹೋಳಿಗೆ ಕಿತ್ತುಕೊಂಡು ಓಡಿದ ಮಂಗನ ಬೆನ್ನು ಹತ್ತಿ ಬಹಳ ಮೇಲೆ ಹೋಗಿಬಿಟ್ಟಿದ್ದ. ಆದರೆ ಹೆಂಡತಿಯ ಮಾತನ್ನು ಅವಳು ಆಡಿ ಮುಗಿಸಿದ ಮೇಲೆ ತನ್ನದಾಗಿ ನೆನಪಿಟ್ಟುಕೊಳ್ಳುವ ಅಭ್ಯಾಸ ಅವನಿಗೆ ಮದುವೆಯಾದ ಹೊಸದರಲ್ಲೇ ಬಂದಿತ್ತು.

ಹುಚ್ಚೇಶ ಅವತ್ತು ಫೋನಿನಲ್ಲಿ ಮೆಟ್ಟಿಲುಗಳ ಫೋಟೊ ಹೊಡೆದುಕೊಂಡು ಮನೆಗೆ ಬಂದ. ಆಮೇಲೆ ಒಂದು ದಿನ ಕಸ್ತೂರಿ ತಂಗಿಯ ಮನೆಯಿಂದ ಬಂದವಳು, ತಾನಂದ ಮಾತಿನ ಮೇಲೆ ಹುಚ್ಚೇಶ ಚಂದನೆಯ ದಡಿ ಬರೆದಿದ್ದಾನೆಂದು ಹಿಗ್ಗಿನಿಂದ ಹೇಳಿದಳು. ಸೋಮಲಿಂಗನ ಕಿವಿಗೆ ವಾಕ್ಯದ ಎರಡನೆಯ ಅರ್ಧ ಮಾತ್ರ ಬಿತ್ತು.

ಅದೂ ಸಾಲದೆಂಬಂತೆ ಬಾಗಲಕೋಟೆಯಲ್ಲಿ ನೇಕಾರರ ಸಂಘದವರು ಹೊಸ ದಡಿಗಳ ಸ್ಪರ್ಧೆ ಇಟ್ಟಿದ್ದರು. ಗೆದ್ದ ದಡಿಗೆ ಅದನ್ನು ತಂದವರು ಹೇಳಿದ ಹೆಸರನ್ನೇ ಇಡುವುದಾಗಿ ಸಾರಿದ್ದರು. ಸೋಮಲಿಂಗ ಇದನ್ನು ಕೇಳಿದ ಕೂಡಲೇ ಕಣ್ಣು ಮುಚ್ಚಿ ಒಂದು ಅಂಗಡಿ ಕಂಡ. ಹುನಗುಂದದಿಂದಲೋ ಶಿರೂರಿನಿಂದಲೋ ಬಂದ ಹೆಣ್ಣುಮಕ್ಕಳು ಗಾದಿಯ ಮೇಲೆ ಕೂತು, ‘ಸೋಮಲಿಂಗ ದಡಿದು ತೋರಸ್ರಿ’ ಅನ್ನುತ್ತಿದ್ದರು. ಗೋಮಿ ದಡಿ, ಚಿಕ್ಕಿ ದಡಿ, ಗಾಡಿ ದಡಿ, ಸೋಮಲಿಂಗ ದಡಿ. ಅವನು ಸತ್ತರೂ ಆ ಹೆಸರು ಹೆಂಗಸರ ಕಾಲ ಬುಡದಲ್ಲಿ ಚಿಮ್ಮುತ್ತ ಓಡಾಡುತ್ತಿತ್ತು. ಮರುಕ್ಷಣ ಅದೇ ಅಂಗಡಿಯಲ್ಲಿ ‘ಹುಚ್ಚೇಶ ದಡಿ’ ಎಂದು ಕೇಳಿದಂತಾಗಿ ಕಣ್ಣು ತೆರೆದ. ಕಳ್ಳತನ ಮಾಡುವುದೆಂದು ನಿರ್ಧಾರವಾದದ್ದು ಆಗಲೇ. ಅವನು ಅದನ್ನು ಕಳ್ಳತನ ಎಂದು ಕರೆಯಲಿಲ್ಲ, ವಾಪಸು ತರುವುದು ಎಂದು ಕರೆದ.

ಒಂದು ಕಾಲಕ್ಕೆ ಇಬ್ಬರೂ ಕೂಡಿಯೇ ದುಡಿಯುತ್ತಿದ್ದರು. ಬಾಳವ್ವನ ಮನೆಯ ರಸ್ತೆಯ ಕಡೆಯ ಕೋಣೆಯೇ ಅವರ ಆಫೀಸು. ಬಾಗಿಲ ಮೇಲೆ ‘ಸೋಮಲಿಂಗ-ಹುಚ್ಚೇಶ ಡಿಸೈನ್ಸ್’ ಎಂಬ ಬೋರ್ಡು. ಜಗಳ ಹತ್ತಿದ್ದು ಫ್ಯಾನಿನ ಮೇಲೆ. ಸೋಮಲಿಂಗನಿಗೆ ಸೆಕೆ, ಫ್ಯಾನು ಬೇಕು. ಹಚ್ಚಿದರೆ ಹುಚ್ಚೇಶನ ಹಾಳೆಗಳು ಹಾರಿಹೋಗುತ್ತವೆ. ಫ್ಯಾನಿನಿಂದ ಸುರುವಾದದ್ದು ಯಾರ ಹೆಸರು ಮೊದಲು ಬರೆಯಬೇಕಿತ್ತು ಎಂಬಲ್ಲಿಗೆ ಮುಟ್ಟಿ ಪಾಲು ಒಡೆಯಿತು. ಲ್ಯಾಪ್‌ಟಾಪ್ ಸೋಮಲಿಂಗನಿಗೆ. ಕೋಣೆ, ದೊಡ್ಡ ಕಂಪ್ಯೂಟರು, ವೈ-ಫೈ ಡಬ್ಬಿ, ಬಣ್ಣದ ಪ್ರಿಂಟರು ಹುಚ್ಚೇಶನಿಗೆ. ಬೋರ್ಡಿನ ಅರ್ಧಕ್ಕೆ ಹುಚ್ಚೇಶ ಬಿಳಿ ಬಣ್ಣ ಬಳಿದ. ಬಣ್ಣ ತೆಳುವಾಗಿತ್ತು. ಬಿಸಿಲು ಬಿದ್ದಾಗ ಸೋಮಲಿಂಗ ಇನ್ನೂ ಕಾಣುತ್ತಿದ್ದ.

ಅಲ್ಲಿಂದ ಮುಂದೆ ಸೋಮಲಿಂಗ ತನ್ನ ಮನೆಯಲ್ಲೇ ಡಿಸೈನು ಬರೆಯತೊಡಗಿದ. ಬೆಳಗಿನ ಹೊತ್ತು ಊರಿನವರಿಗೆ ಕಂಪ್ಯೂಟರು ಕಲಿಸಿದ. ಪಾಠ ಸುರುವಾಗುವುದೇ ಒಂದು ಮಾತಿನಿಂದ: ‘ಮನಶ್ಯಾ ಮರೀತಾನ, ಕಂಪ್ಯೂಟರ್ ಹೇಳಿದ್ದನ್ನ ಮರೆಯಂಗಿಲ್ಲ.’ ಈ ಮಾತನ್ನು ಇಳಕಲ್ಲಿನ ಅರ್ಧ ಊರು ಅವನ ಬಾಯಿಂದ ಕೇಳಿತ್ತು.

ಸ್ಪರ್ಧೆಗೆ ಹೆಸರು ಹಚ್ಚುವವರು ತಮ್ಮದೊಂದು ಸಣ್ಣ ಫೋಟೊ ಕೊಡಬೇಕಿತ್ತು. ಸೋಮಲಿಂಗ ನೀಲಿ ಅಂಗಿ ತೊಟ್ಟು, ಹೆಂಡತಿಯಿಂದ ಫೋಟೊ ಹೊಡೆಸಿಕೊಂಡು, ಒಂದೇ ಹಾಳೆಯಲ್ಲಿ ಎಂಟು ಮುಖ ಬರುವಂತೆ ಲ್ಯಾಪ್‌ಟಾಪಿನಲ್ಲಿ ಹೊಂದಿಸಿದ. ಬಜಾರಿನ ಶಾಹಿದನ ಅಂಗಡಿಯಿಂದ ಸಣ್ಣದೊಂದು ಪ್ರಿಂಟರನ್ನೂ ತಂದಿದ್ದ. ಒತ್ತಿದ, ಹಾಳೆ ಬರಲಿಲ್ಲ. ಮತ್ತೆ ಒತ್ತಿದ. ಮಗ್ಗ ನಿಂತರೆ ಗುದ್ದಿ ಚಾಲೂ ಮಾಡುವ ಮನೆತನದವನು, ಒಂದು ಸಲಕ್ಕೆ ಬಿಡುವವನಲ್ಲ. ಐದನೆಯ ಸಲ ಒತ್ತಿದಾಗ ಕಸ್ತೂರಿ ರೊಟ್ಟಿ ಬಡಿಯುತ್ತಲೇ, ಒಂದು ಸಲ ಹೇಳಿದರೆ ಅದಕ್ಕೆ ಕೇಳಿಸುವುದಿಲ್ಲವೇ ಎಂದು ಕೇಳಿದಳು. ಸೋಮಲಿಂಗ ಪ್ರಿಂಟರನ್ನು ಬಗಲಲ್ಲಿ ಅವುಚಿಕೊಂಡು ಅಂಗಡಿಗೆ ಹೋಗಿ ಜಗಳ ತೆಗೆದ. ಶಾಹಿದ ತನ್ನ ಕಂಪ್ಯೂಟರಿಗೆ ಹಚ್ಚಿ ನೋಡಿದರೆ ಹಾಳೆ ಸರಸರ ಬಂತು. ಪ್ರಿಂಟರು ಚಲೋ ಇದೆ, ಲ್ಯಾಪ್‌ಟಾಪ್ ತನ್ನಿ, ಒಮ್ಮೆ ನೋಡುತ್ತೇನೆ ಎಂದು ಅವನು ಮರ್ಯಾದೆಯಿಂದಲೇ ಹೇಳಿದ. ಊರಿಗೆ ಕಂಪ್ಯೂಟರು ಕಲಿಸುವ ತನಗೇ ಕಂಪ್ಯೂಟರಿನ ಬುದ್ಧಿ ಹೇಳುತ್ತಾನೆಂದು ಸೋಮಲಿಂಗ ಪ್ರಿಂಟರನ್ನು ಅಲ್ಲೇ ಬಿಟ್ಟು, ಸ್ಟುಡಿಯೋಕ್ಕೆ ಹೋಗಿ ಫೋಟೊ ತೆಗೆಸಿಕೊಂಡು ಬಂದ. ಹೆಸರು ಹಚ್ಚಿಯಾಯಿತು. ಇನ್ನು ದಡಿಯೊಂದು ಬೇಕಿತ್ತು.

ಬಾಗಿಲ ಕೀಲಿ ಮುರಿಯುವುದು, ಹಂಚು ತೆಗೆಯುವುದು ಇಂಥ ಹಳೆಯ ಕಾಲದ ಕೆಲಸಗಳ ಬಗ್ಗೆ ಸೋಮಲಿಂಗನಿಗೆ ತಾತ್ಸಾರವಿತ್ತು. ಕೋಣೆಯೊಳಗೆ ಕಾಲಿಡುವ ಅಗತ್ಯವೇ ಇರಲಿಲ್ಲ. ಪಾಲುದಾರಿಕೆಯ ದಿನಗಳಲ್ಲಿ ದೊಡ್ಡ ಕಂಪ್ಯೂಟರಿನ ‘ಡಿಸೈನ್’ ಎಂಬ ಫೋಲ್ಡರನ್ನು ಇಬ್ಬರಿಗೂ ತೆರೆದಿಟ್ಟವನು ಅವನೇ. ಆ ಕೋಣೆಯ ವೈ-ಫೈ ಹಿಡಿದ ಲ್ಯಾಪ್‌ಟಾಪಿನಿಂದ ಆ ಫೋಲ್ಡರಿಗೆ ನೆಟ್ಟಗೆ ಹೋಗಬಹುದು. ಒಡಲಿನ ಎಳೆಗಳಿಗೂ ಸೆರಗಿನ ಎಳೆಗಳಿಗೂ ಕೊಂಡಿ ಹಾಕಿ ಕೂಡಿಸಿದಂತೆ ಅವನು ಆ ಎರಡು ಯಂತ್ರಗಳನ್ನು ಕೂಡಿಸಿದ್ದ. ಪಾಲು ಒಡೆದಾಗ ಮನುಷ್ಯರು ಮಾತು ಬಿಟ್ಟರು, ಬೋರ್ಡಿಗೆ ಬಣ್ಣ ಬಿತ್ತು. ಯಂತ್ರಗಳ ನಡುವಿನ ಕೊಂಡಿ ಬಿಚ್ಚುವುದು ಯಾರಿಗೂ ನೆನಪಾಗಿರಲಿಲ್ಲ. ಹಬ್ಬಕ್ಕೂ ಅಂಗಿ ಬದಲಿಸದ ಹುಚ್ಚೇಶ ಇದನ್ನೆಲ್ಲ ಬದಲಿಸಿರುವನೇ? ಕಂಪ್ಯೂಟರು ಬಂದ್ ಮಾಡಿದರೆ ಮತ್ತೆ ಏಳುವುದಕ್ಕೆ ತ್ರಾಸು ಪಡುತ್ತದೆಂದು ಅವನು ಕೋಣೆಯ ಯಾವ ಯಂತ್ರವನ್ನೂ ಬಂದ್ ಮಾಡುತ್ತಿರಲಿಲ್ಲ.

ಇನ್ನು ಉಳಿದದ್ದು ವೈ-ಫೈ ಮುಟ್ಟುವ ಜಾಗ. ಅದಕ್ಕೂ ದೇವರೇ ದಾರಿ ಮಾಡಿಟ್ಟಿದ್ದ. ಕೋಣೆಗೂ ಬಾಳವ್ವನ ಪಡಸಾಲೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಗೋಡೆಯಾಚೆಯ ವೈ-ಫೈಯಲ್ಲಿ ಬಾಳವ್ವ ಮಧ್ಯಾಹ್ನವಿಡೀ ಫೋನಿನಲ್ಲಿ ಧಾರಾವಾಹಿ ನೋಡುತ್ತಿದ್ದಳು. ಅತ್ತೆಗೆ ನೆನಪಿರಲಿ ಎಂದು ಹುಚ್ಚೇಶ ಪಾಸ್‌ವರ್ಡನ್ನೂ ಅವಳ ಹೆಸರಿನಲ್ಲೇ ಇಟ್ಟಿದ್ದ. ಅಳಿಯ ಅತ್ತೆಯ ಮನೆಗೆ ಹೋಗಿ ಕೂತರೆ ಯಾವ ಪೊಲೀಸನೂ ಯಾಕೆಂದು ಕೇಳುವಂತಿಲ್ಲ.

ಒಂದು ವಾರ ಸೋಮಲಿಂಗ ಹಿಂದಿ ವಿಡಿಯೋಗಳನ್ನು ನೋಡಿದ. ವೈ-ಫೈ ಡಬ್ಬಿಯನ್ನು ಹಿಡಿಯುವ ಪ್ರತಿಯೊಂದು ಯಂತ್ರವೂ ತನ್ನ ಹೆಸರು ಹೇಳುತ್ತದೆ, ಡಬ್ಬಿ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಅದಕ್ಕೇ ಅವನು ಲ್ಯಾಪ್‌ಟಾಪಿನ ಹೆಸರು ಬದಲಿಸಿ ‘ಗೆಸ್ಟ್’ ಎಂದಿಟ್ಟ. ಹೆಸರಲ್ಲದೆ, ಹುಟ್ಟುವಾಗಲೇ ಅದರ ಮೈಮೇಲೆ ಬರೆದುಬಂದ ನಂಬರೊಂದು ಇರುತ್ತದೆ. ಅದಕ್ಕೂ ಬೇರೆ ನಂಬರಿನ ಮುಸುಕು ಹಾಕಿದ. ಫೈಲು ಇಡಿಯಾಗಿ ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅದು ತುಂಡು ತುಂಡಾಗಿ, ಪ್ರತಿ ತುಂಡಿನ ಮೇಲೆ ಎಲ್ಲಿಂದ ಎಲ್ಲಿಗೆ ಎಂದು ಬರೆಸಿಕೊಂಡು ಬರುತ್ತದೆ. ಸೀರೆಯ ಗಂಟುಗಳನ್ನು ಹುನಗುಂದದ ಬಸ್ಸಿಗೊಂದು, ಕಮತಗಿಯ ಬಸ್ಸಿಗೊಂದು ಹಾಕಿ ಬಾಗಲಕೋಟೆಯಲ್ಲಿ ಮತ್ತೆ ಒಂದೇ ಕಡೆ ಪೇರಿಸಿದಂತೆ, ತುಂಡುಗಳು ಮುಟ್ಟುವಲ್ಲಿ ಮುಟ್ಟಿ ಮತ್ತೆ ಫೈಲಾಗುತ್ತವೆ. ಗಂಟುಗಳ ಮೇಲಿನ ವಿಳಾಸವೇ ಸುಳ್ಳಾದರೆ ಹುಡುಕುವವರು ಯಾರನ್ನು ಹಿಡಿಯುತ್ತಾರೆ? ಈ ಯೋಚನೆ ಬಂದಾಗ ಸೋಮಲಿಂಗ ಒಬ್ಬನೇ ಇದ್ದರೂ ನಕ್ಕ.

ಬರಿಯ ನಕಲು ಸಾಲದು, ಹುಚ್ಚೇಶನ ಕಡೆ ದಡಿ ಉಳಿಯಬಾರದು. ಅಳಿಸಿದರೆ ಸಂಶಯ ಬರುತ್ತದೆ. ಆದ್ದರಿಂದ ಅದೇ ಹೆಸರು ಕೊಟ್ಟ ಒಂದು ಹಳೆಯ ಗೋಮಿ ದಡಿಯ ಫೈಲನ್ನು ಆ ಜಾಗದಲ್ಲಿ ಇಡುವುದು. ತೆರೆದು ನೋಡುವವರೆಗೆ ಗೊತ್ತಾಗುವುದಿಲ್ಲ, ನೋಡಿದವನು ವೈರಸ್ಸಿಗೆ ಬೈಯುತ್ತಾನೆ. ಇನ್ನೊಂದು ಪ್ರತಿ ತೆಗೆದಿಡುವ ರೂಢಿ ಹುಚ್ಚೇಶನಿಗೆ ಇಲ್ಲವೇ ಇಲ್ಲ. ಮಳೆಗಾಲದಲ್ಲೂ ಕೊಡೆಯಿಲ್ಲದೆ ತಿರುಗುವ ಆಸಾಮಿ.

ದಿನವೂ ತಾನಾಗಿ ಒದಗಿ ಬಂತು. ಸ್ಪರ್ಧೆಯ ಹಿಂದಿನ ದಿನವೇ ಕಮತಗಿಯಲ್ಲಿ ಹುಚ್ಚೇಶನ ಬಸುರಿ ತಂಗಿಯ ಕುಬಸ. ಸುಮಾ, ಕಸ್ತೂರಿ ಎಲ್ಲರೂ ಹೊರಟರು. ಮೊಣಕಾಲು ನೋವಿನ ಬಾಳವ್ವ ಮಾತ್ರ ಬರಲಾರೆನೆಂದಳು. ಅತ್ತೆಯೊಬ್ಬರನ್ನೇ ಬಿಟ್ಟು ಹೋಗುವುದು ಸರಿಯಲ್ಲ, ತಾನಿರುತ್ತೇನೆ ಎಂದು ಸೋಮಲಿಂಗ ತಾನಾಗಿಯೇ ಅಂದ. ಹೆಂಗಸರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಪಾಲು ಒಡೆದ ಮೇಲೆ ಅವನೊಡನೆ ನೆಟ್ಟಗೆ ಮಾತಾಡದಿದ್ದ ಹುಚ್ಚೇಶನೂ ಕೋಣೆಗೆ ಕೀಲಿ ಹಾಕಿ, ಕೀಲಿಕೈಯನ್ನು ಕಿಸೆಗೆ ಇಳಿಸುತ್ತ, ‘ನೀ ಇದ್ದಿ ಅಂದ್ರ ನನಗೇನ ಚಿಂತಿ ಇಲ್ಲೋ ಅಣ್ಣಾ’ ಅಂದ. ಸೋಮಲಿಂಗನ ಎದೆಯಲ್ಲಿ ಏನೋ ಒಂಚೂರು ಚುಚ್ಚಿತು. ಸೆಕೆಗೆ ಹಾಗಾಗಿರಬೇಕೆಂದು ಅಂದುಕೊಂಡ.

ಊಟವಾದ ಮೇಲೆ ಅವನು ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂತು ಲ್ಯಾಪ್‌ಟಾಪ್ ತೆರೆದ. ಪಾಲು ಒಡೆದಂದಿನಿಂದ ಆ ಯಂತ್ರ ಅತ್ತೆಮನೆಯ ಹೊಸ್ತಿಲು ದಾಟಿರಲಿಲ್ಲ. ಬಾಳವ್ವ ಮಂಚದ ಮೇಲೆ ಕಾಲು ನೀಡಿಕೊಂಡು ಧಾರಾವಾಹಿಗೆ ಕೂತಿದ್ದಳು. ಎಷ್ಟು ದುಡಿಯುತ್ತೀರಿ, ಒಂಚೂರು ಅಡ್ಡಾಗಬಾರದೇ ಎಂದು ಮರುಗಿದಳು. ವೈ-ಫೈ ಕೇಳಿದ ಕೂಡಲೇ ಸಿಕ್ಕಿತು. ಪರದೆಯ ಮೂಲೆಯಲ್ಲಿ ಸಣ್ಣದೊಂದು ಚಿತ್ರ ಮೂಡಿ ಮಾಯವಾಯಿತು. ಅಂಥವು ದಿನಕ್ಕೆ ಹತ್ತು ಮೂಡುತ್ತವೆ, ಅವನ್ನೆಲ್ಲ ಓದುತ್ತ ಕೂತರೆ ಕೆಲಸ ಆಗುವುದಿಲ್ಲ. ಫೋಲ್ಡರು ಅವನನ್ನು ನಿನ್ನೆ ಬಿಟ್ಟುಹೋದವನಂತೆ ಒಳಗೆ ಕರೆಯಿತು.

ದಡಿಯನ್ನು ತೆರೆದು ನೋಡಿದವನು ಒಂದು ಗಳಿಗೆ ಕಳ್ಳನೆಂಬುದನ್ನು ಮರೆತ. ಮೆಟ್ಟಿಲುಗಳು ಏರಿ, ತಿರುಗಿ, ಇಳಿದು, ತಮ್ಮ ನೆರಳನ್ನು ತಾವೇ ಮುಟ್ಟುತ್ತಿದ್ದವು. ಕೆಂಪಿನ ಪಕ್ಕದಲ್ಲಿ ನೀರಿನ ಹಸಿರು. ತಾನು ಬರೆದಿದ್ದರೆ ಇಷ್ಟು ಚಂದ ಬರುತ್ತಿರಲಿಲ್ಲ ಎಂದು ಅವನ ಮನಸ್ಸೇ ಅವನಿಗೆ ಹೇಳಿತು. ಆ ಮಾತಿಗೆ ಸಿಟ್ಟು ಬಂದು ನಕಲಿಸುವ ಗುಂಡಿ ಒತ್ತಿದ.

ಹಸಿರು ಪಟ್ಟಿ ತೆವಳತೊಡಗಿತು. ಇಷ್ಟೊಂದು ಹಿಂದಿ ವಿಡಿಯೋಗಳಲ್ಲಿ ಯಾರೂ ಹೇಳದ ಒಂದು ತೊಡಕು ಆಗ ಎದುರಾಯಿತು: ಅತ್ತೆ. ಅದೇ ವೈ-ಫೈಯಲ್ಲಿ ಅವಳ ಧಾರಾವಾಹಿಯೂ ಹರಿದು ಬರುತ್ತಿತ್ತು. ಆ ಕಡೆ ನಾಯಕಿ ಗಂಡನ ಮನೆ ಬಿಟ್ಟು ಹೊರಟಾಗಲೆಲ್ಲ ಈ ಕಡೆ ಪಟ್ಟಿ ನಿಂತುಬಿಡುತ್ತಿತ್ತು. ನಾಯಕಿ ಹೋಗುವವಳು ಹೋಗಬಾರದೇ, ಹೊಸ್ತಿಲಲ್ಲಿ ನಿಂತು ಹಿಂದಿರುಗಿ ನೋಡುತ್ತಿದ್ದಳು. ಸೋಮಲಿಂಗ ಹಲ್ಲು ಕಚ್ಚಿಕೊಂಡು ಅವಳ ಸಂಸಾರ ಸರಿಹೋಗಲೆಂದು ಬೇಡಿಕೊಂಡ.

ಬಾಳವ್ವ ಇದ್ದಕ್ಕಿದ್ದಂತೆ ಫೋನಿನ ದನಿ ಸಣ್ಣದು ಮಾಡಿ ಗೋಡೆಯ ಕಡೆ ಕಿವಿಕೊಟ್ಟಳು.

‘ಅಳಿಯಂದಿರ, ಆ ಕಡೆ ಏನೋ ಸಪ್ಪಳ ಕೇಳಾಕತ್ತೈತಿ.’

ಸೋಮಲಿಂಗ ಲ್ಯಾಪ್‌ಟಾಪಿನ ಮುಚ್ಚಳ ಅರ್ಧ ಇಳಿಸಿ ಕಿವಿಗೊಟ್ಟ. ಗೋಡೆಯಾಚೆ ಕೋಣೆಯಲ್ಲಿ ಯಾವುದೋ ಸಣ್ಣ ಸದ್ದು, ಬಾಗಿಲು ತೆರೆದ ಸದ್ದಲ್ಲ, ಹೆಜ್ಜೆಯ ಸದ್ದೂ ಅಲ್ಲ. ಅವನ ಜೀವ ಮರಳಿ ಬಂತು.

‘ಇಲಿ ಇರಬೇಕ್ರಿ ಅತ್ತಿ.’

‘ಇಲಿ ಹಿಂಗ ತಾಳ ಹಿಡದು ಕಡಿಯಂಗಿಲ್ಲೋ ನಮ್ಮಪ್ಪಾ. ಹೋಗತೈತಿ, ಬರತೈತಿ. ಹೋಗತೈತಿ, ಬರತೈತಿ. ಥೇಟ್ ಮಗ್ಗದಾಗ ಲಾಳಿ ಆಡಿದಂಗ.’

ಇಡೀ ಹರೆಯ ಮಗ್ಗದಲ್ಲಿ ಕಳೆದವರಿಗೆ ಮಳೆ ಬಂದರೂ ಮಗ್ಗದ ಸಪ್ಪಳವೇ ಕೇಳುತ್ತದೆ ಎಂದು ಸೋಮಲಿಂಗ ಮನಸ್ಸಿನಲ್ಲೇ ನಕ್ಕು, ಪಕ್ಕದ ಓಣಿಯ ಪವರ್‌ಲೂಮು ಇರಬಹುದೆಂದು ಸಮಾಧಾನ ಹೇಳಿದ. ಫೋನಿನ ದನಿ ತಾನೇ ಏರಿಸಿಕೊಟ್ಟ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಧಾರಾವಾಹಿಯ ನಾಯಕಿ ಅಂತೂ ಮನೆಯೊಳಗೆ ಹೋದಳು, ಪಟ್ಟಿ ತುಂಬಿತು. ದಡಿ ಅವನದಾಯಿತು. ಹಳೆಯ ಗೋಮಿ ದಡಿ ಅದರ ಜಾಗದಲ್ಲಿ ಹೋಗಿ ಕೂತಿತು. ಅವನು ಓಡಾಡಿದ ಗುರುತುಗಳನ್ನೆಲ್ಲ ಒಂದೊಂದಾಗಿ ಒರೆಸಿ, ಲ್ಯಾಪ್‌ಟಾಪ್ ಮುಚ್ಚಿ, ಅತ್ತೆಗೆ ತಾನೇ ಚಹಾ ಮಾಡಿ ತಂದುಕೊಟ್ಟ. ಇಂಥ ಅಳಿಯ ಎಲ್ಲರಿಗೂ ಸಿಗಲಿ ಎಂದು ಬಾಳವ್ವ ಮನಸಾರೆ ಹರಸಿದಳು.

ಸಂಜೆ ಕಮತಗಿಯಿಂದ ಎಲ್ಲರೂ ಬಂದಿಳಿದರು. ಮರುದಿನ ಬಾಗಲಕೋಟೆಗೆ ಒಯ್ಯಲು ದಡಿಯನ್ನು ಹೊಳಪಿನ ಹಾಳೆಯ ಮೇಲೆ ತೆಗೆಯಬೇಕೆಂದು ಹುಚ್ಚೇಶ ಕೈಕಾಲು ತೊಳೆಯುವ ಮೊದಲೇ ಕೋಣೆಯ ಕೀಲಿ ತೆಗೆದ. ಸ್ವಲ್ಪ ಹೊತ್ತಾದರೂ ಅವನು ಹೊರಗೆ ಬರಲಿಲ್ಲ. ಸುಮಾ ಹೋಗಿ ನೋಡಿದಳು. ನೋಡಿದವಳು ಅಕ್ಕನನ್ನು ಕರೆದಳು, ಅಕ್ಕ ಗಂಡನನ್ನು ಕರೆದಳು, ಬಾಳವ್ವ ಮೊಣಕಾಲು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು. ಹುಚ್ಚೇಶ ಕಂಪ್ಯೂಟರಿನ ಮುಂದೆ ಕೂತಿದ್ದ. ಪರದೆಯ ತುಂಬ ಗೋಮಿ ದಡಿ.

ಸೋಮಲಿಂಗ ಕಾದಿದ್ದ ಗಳಿಗೆ ಇದೇ. ಅವನು ಹುಚ್ಚೇಶನ ಭುಜದ ಮೇಲೆ ಕೈಯಿಟ್ಟು ಎಬ್ಬಿಸಿ, ತನ್ನ ಹಳೆಯ ಕುರ್ಚಿಯಲ್ಲಿ ತಾನು ಕೂತ. ಡಬ್ಬಿಯ ಲೆಕ್ಕ ತೆರೆದ, ಫೋಲ್ಡರು ತಡಕಿದ, ಹುಬ್ಬು ಗಂಟಿಕ್ಕಿದ, ಹ್ಞೂಂ ಅಂದ. ಬೆರಳುಗಳು ಗುಂಡಿಗಳ ಮೇಲೆ ಓಡಿದ್ದನ್ನು ಹೆಂಗಸರು ಉಸಿರು ಹಿಡಿದು ನೋಡಿದರು. ಕಡೆಗೆ ಅವನು ಕುರ್ಚಿ ತಿರುಗಿಸಿ ತೀರ್ಪು ಕೊಟ್ಟ.

‘ವೈರಸ್ ಐತಿ. ಮನಶ್ಯಾರು ಯಾರೂ ಬಂದಿಲ್ಲ. ಬಂದಿದ್ರ ಒಂದಾದ್ರೂ ಗುರುತು ಬಿಟ್ಟು ಹೋಗತಿದ್ರು. ನಾ ಎಲ್ಲಾ ನೋಡೇನಿ, ಒಂದ ಒಂದು ಗುರುತು ಇಲ್ಲ.’

ಹುಚ್ಚೇಶ ನೆಲಕ್ಕೆ ಕೂತುಬಿಟ್ಟ. ಅವನು ಅಳಲಿಲ್ಲ, ಬೈಯಲಿಲ್ಲ. ಕಸ್ತೂರಿಯ ಕಡೆ ನೋಡಿ ಮೆಲ್ಲಗೆ ಅಂದ: ‘ನಿನಗ ನಾಳೆ ಹೇಳೂಣು ಅಂತ ಮಾಡಿದ್ದೆ ಅಕ್ಕಾ. ನೀ ಅಂದ ಮಾತಿಗಿ ಬರದದ್ದು ಅದು. ಸಂಘದಾಗ ಕಸ್ತೂರಿ ದಡಿ ಅಂತನ ಹೆಸರು ಕೊಟ್ಟು ಬಂದೇನಿ.’

ಸೋಮಲಿಂಗ ಹೆಂಡತಿಯ ಮುಖ ನೋಡಿದ. ಮದುವೆಯಾದಾಗಿನಿಂದ ಅವಳ ಒಂದು ಮಾತನ್ನಾದರೂ ಯಾರಾದರೂ ಅವಳದೇ ಎಂದು ಹೇಳಿದ್ದರೆ ಅದು ಇವತ್ತೇ ಇರಬೇಕು. ಬಾದಾಮಿಯ ಆ ಮಂಗ ಎಲ್ಲಿಂದಲೋ ಬಂದು ಅವನ ನೆನಪಿನೊಳಗೆ ಕೂತು ಹೋಳಿಗೆ ತಿನ್ನತೊಡಗಿತು. ಅವನಿಗೆ ನಾಚಿಕೆಯಾಯಿತು, ಖರೆಯಾಗಿಯೂ ನಾಚಿಕೆಯಾಯಿತು. ಅಂಗಡಿಯ ಗಾದಿಯ ಮೇಲೆ ಕೂತ ಹೆಂಗಸರು ‘ಕಸ್ತೂರಿ ದಡಿದು ತೋರಸ್ರಿ’ ಅಂದರೆ ತನಗೇನು ಕಡಿಮೆಯಾಗುತ್ತಿತ್ತು?

ಆದರೆ ಸೋಮಲಿಂಗನಂಥವರ ನಾಚಿಕೆ ಬಹಳ ಹೊತ್ತು ನಿಲ್ಲುವುದಿಲ್ಲ, ಅಷ್ಟರಲ್ಲೇ ಅವರಿಗೆ ಉಪಾಯ ಹೊಳೆದಿರುತ್ತದೆ. ದಡಿ ಎಲ್ಲಿಗೂ ಹೋಗಿಲ್ಲ, ತನ್ನ ಲ್ಯಾಪ್‌ಟಾಪಿನಲ್ಲಿ ಬೆಚ್ಚಗೆ ಇದೆ. ಅದನ್ನು ಇವತ್ತೇ ಇಲ್ಲಿ ತಂದಿಟ್ಟು, ವೈರಸ್ಸಿನ ಬಾಯಿಂದ ಕಿತ್ತು ತಂದೆ ಎಂದರಾಯಿತು. ಹುಚ್ಚೇಶನ ದಡಿ ಉಳಿಯುತ್ತದೆ, ಹೆಂಡತಿಯ ಹೆಸರು ಉಳಿಯುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ, ಉಳಿಸಿದವನು ಸೋಮಲಿಂಗ ಎಂದು ಊರೆಲ್ಲ ಮಾತಾಡುತ್ತದೆ. ಬೋರ್ಡಿನ ಬಿಳಿ ಬಣ್ಣವನ್ನು ಹುಚ್ಚೇಶ ತಾನೇ ಕೆರೆದು ತೆಗೆದರೂ ತೆಗೆದಾನು. ತಾನು ಮಾಡಿದ್ದು ಎಷ್ಟು ಕೆಟ್ಟದ್ದೋ ಅಷ್ಟೇ ಒಳ್ಳೆಯದಾಗುತ್ತಿರುವುದನ್ನು ಕಂಡು ಅವನ ಕಣ್ಣುಗಳು ತೇವವಾದವು. ಎದ್ದು ನಿಂತು, ಗಾಬರಿಯಾಗಬೇಡಿ, ತನಗೊಂದು ತಾಸು ಕೊಡಿ, ದಡಿಯನ್ನು ಎಲ್ಲಿದ್ದರೂ ತಂದೇ ತರುತ್ತೇನೆ ಎಂದು ಎಲ್ಲರಿಗೂ ಧೈರ್ಯ ಹೇಳಿದ. ಹುಚ್ಚೇಶ ಅವನ ಕೈ ಹಿಡಿದುಕೊಂಡ. ಸುಮಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಸ್ತೂರಿ ಮಾತ್ರ, ಹೇಗೆ ಬರುತ್ತದೆಂದು ದಡಿಯ ಒಂದು ಹಾಳೆಯನ್ನಾದರೂ ಮೊದಲೇ ತೆಗೆದು ನೋಡಿರಬೇಕಲ್ಲ ಎಂದು ತಂಗಿಯನ್ನು ಕೇಳುತ್ತ ಮೂಲೆಯ ಪ್ರಿಂಟರಿನ ಹತ್ತಿರ ಹೋದಳು. ಧೂಳು ಕೂರದಿರಲೆಂದು ಅದಕ್ಕೆ ಸುಮಾ ಖಣದ ಬಟ್ಟೆಯ ಮುಸುಕು ಹೊಲಿದಿದ್ದಳು, ಅದು ಮುಂದಿನ ಬಾಯಿಯನ್ನೂ ಮುಚ್ಚಿಕೊಂಡು ಇಳಿಬಿದ್ದಿತ್ತು. ಮುಂಜಾನೆ ತಾನೇ ಹೊಳಪಿನ ಹಾಳೆ ತುಂಬಿ ಮುಚ್ಚಿಟ್ಟಿದ್ದೇನೆ, ಅದರ ಬಾಯಲ್ಲಿ ಒಂದು ಹಾಳೆಯೂ ಇಲ್ಲ ಎಂದು ಹುಚ್ಚೇಶ ಕೂತಲ್ಲಿಂದಲೇ ಹೇಳಿದ. ಕಸ್ತೂರಿ ಅಷ್ಟರಲ್ಲಿ ಮುಸುಕು ಎತ್ತಿದ್ದಳು.

ಪ್ರಿಂಟರಿನ ಬಾಯಲ್ಲಿ ಐದು ಹಾಳೆಗಳಿದ್ದವು. ಒಂದೊಂದು ಹಾಳೆಯಲ್ಲೂ ಎಂಟೆಂಟು ಸೋಮಲಿಂಗರು ನೀಲಿ ಅಂಗಿ ತೊಟ್ಟು, ತಲೆ ಒಂಚೂರು ವಾಲಿಸಿ, ಹೊಳಪಿನ ಕಾಗದದ ಮೇಲೆ ಮಿಂಚುತ್ತ ನಗುತ್ತಿದ್ದರು. ಅವತ್ತು ಮನೆಯಲ್ಲಿ ಅವನು ಒತ್ತಿದ್ದು ಶಾಹಿದನ ಪ್ರಿಂಟರಿಗೆ ಹೋಗಿಯೇ ಇರಲಿಲ್ಲ. ಲ್ಯಾಪ್‌ಟಾಪಿಗೆ ಗೊತ್ತಿದ್ದದ್ದು ಪಾಲುದಾರಿಕೆಯ ಕಾಲದ ಈ ಪ್ರಿಂಟರು ಒಂದೇ. ಅದು ಕೈಗೆ ಸಿಗದಿದ್ದಾಗ ಲ್ಯಾಪ್‌ಟಾಪು ಐದೂ ಹುಕುಮುಗಳನ್ನು ಜೋಪಾನವಾಗಿ ಹಿಡಿದಿಟ್ಟುಕೊಂಡು, ಹೆಸರು ಬದಲಿಸಿದರೂ, ನಂಬರು ಬದಲಿಸಿದರೂ ಒಂದನ್ನೂ ಮರೆಯದೆ, ಮಧ್ಯಾಹ್ನ ಹಳೆಯ ವೈ-ಫೈ ಸಿಕ್ಕ ಕೂಡಲೇ ಒಂದರ ಹಿಂದೊಂದು ಒಪ್ಪಿಸಿಬಿಟ್ಟಿತ್ತು. ‘ನಾ ಹೇಳಿದ್ನಲ್ಲ, ಅದು ಇಲಿ ಅಲ್ಲ ಅಂತ’ ಎಂದು ಬಾಗಿಲಿಂದ ಬಾಳವ್ವ ಅಂದಳು. ಹುಚ್ಚೇಶ ಹಿಡಿದಿದ್ದ ಕೈಯನ್ನು ಬಿಟ್ಟ. ಕಸ್ತೂರಿ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿ, ಗಂಡನ ಮುಂದಿನ ಮೇಜಿನ ಮೇಲೆ ನೀಟಾಗಿ ಹರವಿ, ‘ಅವತ್ತ ಐದು ಸಲ ಒತ್ತಿದ್ರಲ್ಲ,’ ಅಂದಳು, ‘ಬಂದಾವ ನೋಡ್ರಿ ನಿಮ್ಮ ಫೋಟೊ.’